ಕಿರುತೆರೆ

ಹಾಲಿನ ಮೇಷ್ಟ್ರ ವಿಷಯ ಮೊದಲು ಹೇಳಿಬಿಡುತ್ತೇನೆ. ಅದನ್ನು ಕೇಳಿದರೆ ನಮ್ಮೂರಿನ ರೀತಿ ತಿಳಿಯುತ್ತದೆ. ಗಣಿತದ ಮೇಷ್ಟ್ರು ಶೇಷಾಚಲ ಅವರು ಬಾಡಿಗೆ ಮನೆ ಹುಡುಕಿಕೊಂಡು ಬಂದಾಗ ಯಜಮಾನ, "ರೂಮು ಖಾಲಿ ಇಲ್ಲ, ಹಾಲಿನಲ್ಲಿ ಮಲಗೋಕೆ ಜಾಗ ಕೊಡ್ತೀನಿ" ಎಂದ. ಮೇಷ್ಟ್ರು ಒಪ್ಪಿದರು. ಆಗ ಕರಾರುಗಳನ್ನು ಕೇಳಿಸಿಕೊಳ್ಳುವ ಊರಿನ ಕಿವಿಯಾಗಿದ್ದವರು ದಾಮಣ್ಣಯ್ಯ. ಅವರು ಹುಟ್ಟಿ ಬೆಳೆದ ಮನೆಯಲ್ಲಿ ಪಡಸಾಲೆ ಇತ್ತು, ನಡುಮನೆ ಇತ್ತು, ಹಾಲು ಎಂದರೆ ಎಮ್ಮೆಯದೋ ಹಸುವಿನದೋ. ಅವರಿಗೆ ಅದೇ ಕೇಳಿಸಿತು. ಮರುದಿನದಿಂದ ಮೇಷ್ಟ್ರು ಎಲ್ಲಿ ಮಲಗಿದರೂ ಏಳುವಾಗ ಬೆನ್ನು ನೆನೆಯುವಷ್ಟು ಹಾಲಿನಲ್ಲಿರುತ್ತಿದ್ದರು. ಬೇಸಿಗೆಯಲ್ಲಿ ಮೊಸರಾಗಿರುತ್ತಿತ್ತು. ಬೀದಿಯ ಬೆಕ್ಕುಗಳು ಶಾಲೆಯ ಗೇಟಿನ ತನಕ ಅವರನ್ನು ಬಿಟ್ಟು ಬರುತ್ತಿದ್ದವು. ಬಾಡಿಗೆಯ ಅವಧಿ ಮುಗಿಯುವವರೆಗೂ ಮೇಷ್ಟ್ರು ಹಾಸಿಗೆಯ ಕೆಳಗೆ ರಬ್ಬರ್ ಶೀಟು ಹಾಸಿಕೊಂಡು ಮಲಗಿದರೇ ಹೊರತು ದಾಮಣ್ಣಯ್ಯನವರಿಗೆ ಒಂದು ಮಾತು ಅನ್ನಲಿಲ್ಲ. ಯಾರೂ ಅನ್ನುವುದಿಲ್ಲ. ಕಿವಿಗೆ ಬಿದ್ದದ್ದು ಬಿದ್ದ ಹಾಗೆ ಆಗುತ್ತದೆ.

ದಾಮಣ್ಣಯ್ಯನವರು ತೀರಿಕೊಂಡ ಮೇಲೆ ಊರಿನವರು ಕಿವಿಯಾಗು ಎಂದು ನನ್ನನ್ನು ಕೇಳಿದರು. ನಾನು ಮಾತು ಕಡಿಮೆಯವಳು. ಅದೇ ನನ್ನ ಅರ್ಹತೆ. ನಮ್ಮ ಅಜ್ಜ ಸಂಜೆ ಹೊತ್ತು ಬಸದಿಯ ಮುಂದಿನ ಜಗಲಿಯಲ್ಲಿ ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ನಾನು ಅವರ ಬಲಗಡೆ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಅರ್ಥ ಕೇಳಿದರೆ ಅಜ್ಜ, "ಮೊದಲು ಕಿವಿ ತುಂಬಲಿ ಮಗಾ, ಅರ್ಥ ಆಮೇಲೆ ತಾನಾಗೇ ಬಂದು ಕೂರುತ್ತೆ" ಎನ್ನುತ್ತಿದ್ದರು. ಹಾಗೆ ತುಂಬಿದ ಕಿವಿ ನನ್ನದು. ಊರಿನ ಕಿವಿಯಾದವರಿಗೆ ಕಟ್ಟುಪಾಡು ಸ್ವಲ್ಪವೇ. ಕರಾರು ನಡೆಯುವ ಕಟ್ಟೆಯ ಮೇಲೆ ಎರಡೂ ಕಡೆಯವರು ಮಾತಾಡುವಾಗ "ಏನಂದಿರಿ?" ಎಂದು ಕೇಳಬಾರದು. ತನಗೆ ಬೇಕಾದುದನ್ನು ಕೇಳಿಸಿಕೊಳ್ಳಬಾರದು. ಕಿವಿ ಮುಚ್ಚಬಾರದು. ಮಾತು ಮುಗಿದಾಗ "ಕೇಳಿತು" ಎನ್ನಬೇಕು. ಆ ಮಾತಿನಿಂದ ಆಗಬೇಕಾದ್ದು ಏನೂ ಇಲ್ಲ, ಜನ ಎದ್ದು ಕಾಫಿಗೆ ಹೋಗಲಿ ಎಂದು ಅಷ್ಟೇ. ಕಟ್ಟೆಗೆ ಹೋಗುವ ದಿನ ನಾನು ಬಸದಿಯಲ್ಲಿ ನಿಂತು, ನನ್ನ ಆಸೆ ನನ್ನ ಕಿವಿಗೆ ಬೀಳದಿರಲಿ ಸ್ವಾಮಿ, ಎಂದು ಕೇಳಿಕೊಂಡು ಹೋಗುತ್ತಿದ್ದೆ.

ಕಟ್ಟೆ ಇರುವುದು ಸೇತುವೆಯ ಬಾಯಲ್ಲಿ. ಆ ಸೇತುವೆ ಊರಿನದೂ ಹೌದು, ಕಂಪನಿಯದೂ ಹೌದು. ಖಾಸಗಿ ಸಹಭಾಗಿತ್ವ ಎಂದು ಪುರಸಭೆಯವರು ಹೇಳುತ್ತಿದ್ದರು. ನಾವು ಪಾಲಿನ ಸೇತುವೆ ಎನ್ನುತ್ತಿದ್ದೆವು. ಕಟ್ಟಿಸುವಾಗ ದಾಮಣ್ಣಯ್ಯನವರ ಕಿವಿಗೆ ಬಿದ್ದ ಕರಾರು ಊರಿನ ಎಲ್ಲರಿಗೂ ಬಾಯಿಪಾಠ: ಊರು ದಾರಿ ಬಿಡುತ್ತದೆ, ಕಂಪನಿ ಸೇತುವೆಯನ್ನು ಎತ್ತಿ ಹಿಡಿಯುತ್ತದೆ; ಗಾಲಿಗೆ ಸುಂಕ, ಕಾಲಿಗಿಲ್ಲ. ಎರಡು ದಡದ ಕಂಬ ಮುಗಿದು, ನಡುನೀರಿನ ಕಂಬಕ್ಕೆ ಗುಂಡಿ ತೋಡಬೇಕು ಎನ್ನುವಾಗ ಹಲಗೆ ತಾನಾಗಿಯೇ ಗಾಳಿಯಲ್ಲಿ ನಿಂತಿದೆ ಎಂದು ಗೊತ್ತಾಯಿತು. ಎತ್ತಿ ಹಿಡಿಯುತ್ತದೆ ಎಂದಮೇಲೆ ಹಿಡಿದಿತ್ತು. ಕಂಪನಿಯ ಇಂಜಿನಿಯರು ಜ್ವರ ಬಂದು ಮಲಗಿದರು, ಕಂಪನಿಗೆ ಮಾತ್ರ ಬಹಳ ಸಂತೋಷವಾಯಿತು. ಹೀಗಾಗಿ ನಮ್ಮ ಸೇತುವೆಗೆ ನಡುವೆ ಕಂಬವಿಲ್ಲ. ಹೊಸಬರು ಕೆಳಗಿನಿಂದ ನೋಡಿ ಬೆವರುತ್ತಾರೆ. ನಮಗೆ ಅಭ್ಯಾಸ.

ಆ ಸೇತುವೆ ನಮ್ಮ ಮನೆಗೆ ಉಸಿರಿನ ಹಾಗೆ. ನನ್ನ ಅಣ್ಣ ಪದ್ಮಯ್ಯನಿಗೆ ಎರಡೂ ಕಿಡ್ನಿ ಹೋಗಿವೆ. ಡಯಾಲಿಸಿಸ್ ಯಂತ್ರ ಇರುವುದು ಆಚೆ ದಡದ ಆಸ್ಪತ್ರೆಯಲ್ಲಿ. ಒಂದು ದಿನ ಬಿಟ್ಟು ಒಂದು ದಿನ ಅತ್ತಿಗೆ ಮಾಣಿಕಮ್ಮ ಅವನನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ, ರಕ್ತ ಸೋಸಿಸಿಕೊಂಡು, ಮೆಲ್ಲಗೆ ನಡೆಸಿಕೊಂಡು ಬರುತ್ತಿದ್ದಳು. ಒಂದು ಸರದಿ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ. ಮೂರನೆಯದರ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಆ ವರ್ಷ ಬೆಲೆಗಳಿಗೆ ಮೈಮೇಲೆ ಬಂದಿತ್ತು. ಹೋಟೆಲಿನಲ್ಲಿ ಕಾಫಿಗೆ ಕೂತಾಗ ಒಂದು ಬೆಲೆ, ಲೋಟ ಕೆಳಗಿಟ್ಟಾಗ ಇನ್ನೊಂದು. ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುವ ಮೊದಲು ಫೋನು ಮಾಡಿ ಕೇಳುತ್ತಿದ್ದ. ಬೆಳಿಗ್ಗೆ ನಿಶ್ಚಯವಾದ ಮದುವೆ ಸಂಜೆಗೆ ಛತ್ರದ ಬಾಡಿಗೆ ಕೇಳಿ ಮುರಿದುಬೀಳುತ್ತಿತ್ತು. ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಗೊತ್ತಿರುವವರ ಹಾಗೆ ಮಾತಾಡುತ್ತಿದ್ದರು. ಸೇತುವೆಯ ಮೇಲೆ ಲಾರಿಗಳು ಕಡಿಮೆಯಾದವು. ಆಗ ಕಂಪನಿಯ ಕಡೆಯಿಂದ ವಕೀಲೆ ನಿರಂಜನಿ ಬಂದಳು. ಚಿಕ್ಕ ವಯಸ್ಸು, ಚುರುಕು, ಕಂಕುಳಲ್ಲಿ ಕಾಗದದ ಕಟ್ಟು. ಅದನ್ನು ಯಾರೂ ಕೇಳದಿದ್ದಾಗ ಪಾಪ, ಎಲ್ಲಿಡುವುದು ಎಂದು ತಿಳಿಯದೆ ದಿನವೆಲ್ಲ ಹೊತ್ತುಕೊಂಡೇ ತಿರುಗಿದಳು.

ಪುರಸಭೆ ಅಧ್ಯಕ್ಷರು ಬೋರಲಿಂಗಪ್ಪನವರು. ಅವರಿಗೂ ನಿರಂಜನಿಗೂ ನಡೆದ ಮಾತು ನನಗೆ ಆಮೇಲೆ ತಿಳಿದದ್ದು. "ಬಡ್ಡಿ ಏರಿದೆ ಸರ್, ಕಬ್ಬಿಣ ಏರಿದೆ, ಗಾಡಿ ಇಳಿದಿದೆ. ನಡೆದು ಹೋಗೋರು ಮಾತ್ರ ಇದ್ದಷ್ಟೇ ಇದ್ದಾರೆ. ಅವರಿಂದಲೂ ಏನಾದ್ರೂ ಬರದಿದ್ರೆ ಕಂಪನಿಗೆ ನಡೆಸೋಕೆ ಆಗಲ್ಲ" ಎಂದಳಂತೆ ಅವಳು. "ನೋಡಮ್ಮಾ, ಕಾಲಿಗೆ ಸುಂಕ ಅಂತ ಕಟ್ಟೆ ಮೇಲೆ ನನ್ನ ಬಾಯಲ್ಲಿ ಬಂದ್ರೆ, ಸಂಜೆ ನಮ್ಮನೆ ಮುಂದೆ ಚಪ್ಪಲಿ ಗುಡ್ಡೆ ಬೀಳುತ್ತೆ. ಅದೂ ಜೊತೆ ಜೊತೆ ಬೀಳಲ್ಲ, ಒಂಟಿ ಒಂಟಿ. ಆ ಮಾತು ಬಿಟ್ಟು ಬೇರೆ ಮಾತು ಹುಡುಕು" ಎಂದರಂತೆ ಅವರು. ಅವಳು ಹುಡುಕಿದಳು. ಕಟ್ಟೆಯ ಪಕ್ಕ ಹಳೆಯ ಕಾಲದ ಒಂದು ಶಾಸನದ ಕಲ್ಲಿದೆ, ಅದರ ಬದಿಗೆ ಇಲಾಖೆಯವರು ನೆಟ್ಟ ಫಲಕವಿದೆ. ಹಿಂದೆ ಈ ನದಿ ದಾಟುವವರು ರಾಜನಿಗೆ ಕೊಡುತ್ತಿದ್ದ ಸಣ್ಣ ತೆರಿಗೆಯ ಹೆಸರು ಅದರಲ್ಲಿತ್ತು. ಕಿರುತೆರೆ. ಒಳ್ಳೆಯ ಕನ್ನಡ, ಯಾರಿಗೂ ಚುಚ್ಚುವುದಿಲ್ಲ. ಅಧ್ಯಕ್ಷರು ಆ ಮಾತನ್ನು ಬಾಯಲ್ಲಿ ಒಂದು ಸಲ ಹೊರಳಿಸಿ, "ಜನಕ್ಕೆ ಅರ್ಥ ಆಗೋಷ್ಟರಲ್ಲಿ ಚುನಾವಣೆ ಮುಗಿದಿರುತ್ತೆ" ಎಂದರಂತೆ.

ಕಟ್ಟೆಯ ದಿನ ಜನ ಸೇರಿದರು. ನಿರಂಜನಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದಳು: "ಕಾಲ ಕೆಟ್ಟಿದೆ. ಆದ್ದರಿಂದ ಕರಾರನ್ನು ತಿದ್ದುತ್ತಿದ್ದೇವೆ. ಗಾಲಿಗೆ ಸುಂಕ ಇದ್ದಂತೆಯೇ ಇರಲಿ. ನಡೆದು ದಾಟುವವರಿಗೆ ಸುಂಕವಿಲ್ಲ, ಕಿರುತೆರೆ ಮಾತ್ರ." ಅಧ್ಯಕ್ಷರು ಕೈಮುಗಿದು, "ಊರಿನ ಪರವಾಗಿ ಒಪ್ಪಿದೆ" ಎಂದರು. ಹಿಂದಿನ ಸಾಲಿನಲ್ಲಿ ಹೂವಿನ ಕಮಲವ್ವ ಪಕ್ಕದವಳನ್ನು ತಿವಿದು, "ಕಿರುತೆರೆ ಅಂದ್ರೆ ಟಿವಿ ಅಲ್ವೇನೇ? ಬ್ರಿಜ್ ಮ್ಯಾಲೆ ಟಿವಿ ಹಾಕಿಸ್ತಾರಂತೆ, ಸೀರಿಯಲ್ ನೋಡ್ಕೊಂಡೇ ದಾಟ್ಬೋದು!" ಎಂದಳು. ಎಲ್ಲರೂ ನಕ್ಕರು.

ನನಗೆ ತೆರಿಗೆಯೂ ಕೇಳಿಸಲಿಲ್ಲ, ಟಿವಿಯೂ ಕೇಳಿಸಲಿಲ್ಲ. ತೆರೆ ಎಂಬ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಅಜ್ಜನ ಕಂಠದಿಂದ. ಸಮುದ್ರದ ವರ್ಣನೆ ಬಂದಾಗ ಅವರು ಆ ಮಾತನ್ನು ಕೆಳಗಿನಿಂದ ಎತ್ತಿ, ಮೇಲೆ ಒಂದು ಕ್ಷಣ ನಿಲ್ಲಿಸಿ, ಆಮೇಲೆ ಮೆಲ್ಲಗೆ ದಡಕ್ಕೆ ಬಿಡುತ್ತಿದ್ದರು. ಜಗಲಿಯೇ ತೇಲಿದಂತಾಗಿ ನಾನು ಕಂಬವನ್ನು ತಬ್ಬಿಕೊಳ್ಳುತ್ತಿದ್ದೆ. ಕಟ್ಟೆಯ ಮೇಲೆ ನನಗೆ ಕೇಳಿಸಿದ್ದು ಅದು. ನಡೆಯುವವರಿಗೆ ಸಣ್ಣ ಅಲೆ. ಯಾಕೆ ಎಂದು ಕೇಳುವ ಹಾಗಿಲ್ಲವಲ್ಲ. "ಕೇಳಿತು" ಎಂದೆ. ಜನ ಕಾಫಿಗೆ ಎದ್ದರು.

ಮರುದಿನ ಬೆಳಿಗ್ಗೆ ಅಣ್ಣನ ಸರದಿ. ನಾನೂ ಜೊತೆಗೆ ಸೇತುವೆಯ ತನಕ ಹೋಗಿದ್ದೆ. ಅಣ್ಣ ಮೊದಲ ಹೆಜ್ಜೆ ಇಟ್ಟ. ಅವನ ಪಾದದ ಕೆಳಗಿನ ಟಾರು, ನೊಣ ಕೂತಾಗ ಹಸು ಮೈ ನಡುಗಿಸುತ್ತದಲ್ಲ, ಹಾಗೆ ನಡುಗಿತು. ನಡುಗಿದ್ದು ಅಲೆಯಾಯಿತು. ಅಲೆ ಮೊಣಕಾಲಿನ ಎತ್ತರಕ್ಕೆ ಎದ್ದು, ಅವನನ್ನು ಎತ್ತಿ, ಮುಂದೆ ಉರುಳಿ ಹೋಯಿತು. ನೀರಲ್ಲ; ಕಪ್ಪು ಟಾರು, ಜಲ್ಲಿಕಲ್ಲು, ನಡುವಿನ ಬಿಳಿ ಗೆರೆ ಸಮೇತ. ಅದರ ಹಿಂದೆ ಇನ್ನೊಂದು. ಪಕ್ಕದಲ್ಲೇ ಒಂದು ಲಾರಿ ಅಲುಗಾಡದೆ ಹೋಯಿತು. ಅಣ್ಣ ಎಡಗಡೆಗೆ ಬಿದ್ದ. ಡಯಾಲಿಸಿಸ್ಸಿಗೆ ಸೂಜಿ ಚುಚ್ಚುವುದು ಎಡಗೈಗೆ. ಬೀಳುವಾಗ ಆ ಕೈಯನ್ನು ಎದೆಗೆ ಅವುಚಿಕೊಂಡು ಮುಖ ಕೊಟ್ಟು ಬಿದ್ದ. ಅವನ ಹಲ್ಲಿನಿಂದ ರಕ್ತ ಬರುವುದನ್ನು ನೋಡುತ್ತ ನಾನು ನಿಂತೇ ಇದ್ದೆ. ಕಿವಿಯೊಳಗೆ ಅಜ್ಜನ ದನಿ ಏರುತ್ತಿತ್ತು, ನಿಲ್ಲಿಸೆಂದರೂ ನಿಲ್ಲುತ್ತಿರಲಿಲ್ಲ. ಅತ್ತಿಗೆ ಅವನನ್ನು ಎಬ್ಬಿಸಿ ನನ್ನ ಕಡೆ ತಿರುಗಿದಳು. "ಏನು ಕೇಳಿಸ್ಕೊಂಡೆ ಸುವ್ರತಾ ನೀನು? ಏನು ಕೇಳಿಸ್ಕೊಂಡೆ?" ನಾನು ಹೇಳಿದೆ. ಅವಳು ಅಣ್ಣನ ಅಂಗಿಯ ಧೂಳು ಕೊಡವಿದಳು. "ಊರಿಗೆಲ್ಲ ಕಿವಿ, ಮನೆಗೆ ಮಾತ್ರ ಕಿವುಡು" ಎಂದಳು ಆಮೇಲೆ. ಅವತ್ತು ಅಣ್ಣ ಆಟೋದಲ್ಲಿ ಹೋದ. ದಿನಾ ಆಟೋದಲ್ಲಿ ಹೋಗುವ ಕಾಲವಲ್ಲ ಅದು.

ಊರಿಗೆ ದಿಗಿಲು ಇಳಿಯಲು ಸ್ವಲ್ಪ ದಿನ ಬೇಕಾಯಿತು. ಆಮೇಲೆ ಜನ ಹೊಂದಿಕೊಂಡರು, ನಮ್ಮ ಜನ ಹಾಗೆಯೇ. ಶಾಲೆಯ ಹುಡುಗಿಯರು ಕೈಕೈ ಹಿಡಿದು ಅಲೆ ಎದ್ದಾಗ ಕುಪ್ಪಳಿಸಿ ಕಿರುಚಿಕೊಂಡು ದಾಟಿದರು. ಕಮಲವ್ವ ಹೂವಿನ ಬುಟ್ಟಿಯನ್ನು ತಲೆಗೆ ಕಟ್ಟಿಕೊಂಡು, ಅಲೆಯ ಹಿಂದಿನ ತಗ್ಗಿನಲ್ಲೇ ಹೆಜ್ಜೆ ಇಡುವುದನ್ನು ಕಲಿತು, ಕಲಿಯದವರನ್ನು ಬೈದಳು: "ಎದೆ ಸೆಟೆಸ್ಕೊಂಡು ನಡೀಬ್ಯಾಡ್ರೋ, ಸೊಂಟ ಸಡ್ಲ ಬಿಡ್ರಿ! ಅತ್ತೆ ಬೈದಾಗ ಹೆಂಗ್ ಬಾಗ್ತೀರೋ ಹಂಗೆ!" ಮುದುಕರು ಕೂತು ಕೂತು ಜರುಗಿದರು. ಹೊಂದಿಕೊಳ್ಳಲಾಗದವರು ಮೂವರು ನಾಲ್ವರು ಇದ್ದರು. ನನ್ನ ಅಣ್ಣ ಅವರಲ್ಲಿ ಒಬ್ಬ. ಆಟೋಗೆ ದುಡ್ಡು ಹೊಂದದೆ ಒಂದು ಸರದಿ ತಪ್ಪಿತು. ಕಾಲು ಊದಿಕೊಂಡು ಚಪ್ಪಲಿ ಹೋಗದಾಯಿತು. ಎರಡನೆಯದು ತಪ್ಪಿದ ದಿನ ಅವನು ಕೂತೇ ನಿದ್ದೆ ಮಾಡಿದ, ಮಲಗಿದರೆ ಉಸಿರು ಆಡುತ್ತಿರಲಿಲ್ಲ.

ನಾನು ಅಧ್ಯಕ್ಷರ ಮನೆಗೆ ಹೋದೆ. ಕರಾರನ್ನು ಮತ್ತೆ ತಿದ್ದಬೇಕಾದರೆ ಎರಡೂ ಕಡೆಯವರು ಒಪ್ಪಿ ಕಟ್ಟೆಗೆ ಬರಬೇಕು. ನಿರಂಜನಿ ಅಲ್ಲೇ ಕೂತಿದ್ದಳು. ಅಧ್ಯಕ್ಷರ ಮುಖ ಇಳಿದಿತ್ತು. "ಕಿವಿಯಮ್ಮಾ, ಇವರು ಬರಲ್ಲ ಅಂತಿದ್ದಾರೆ" ಎಂದರು. ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಮುಖ ನೋಡದೆ ಹೇಳಿದಳು: "ಮೇಡಂ, ಬಿದ್ದೋರೆಲ್ಲ ಈಗ ಆಟೋ ಹತ್ತುತ್ತಿದ್ದಾರೆ, ಬಸ್ಸು ಹತ್ತುತ್ತಿದ್ದಾರೆ. ಗಾಲಿ ಸುಂಕ ಜಾಸ್ತಿ ಆಗಿದೆ. ನಾವು ಕೇಳಿದ್ದಕ್ಕಿಂತ ಒಳ್ಳೇದೇ ಆಯ್ತು ಅಂತ ಹೆಡ್ ಆಫೀಸಲ್ಲಿ ಹೇಳ್ತಿದ್ದಾರೆ. ಕರಾರು ಸರಿಯಾಗೇ ಇದೆಯಂತೆ." ನನ್ನ ಅಣ್ಣನ ಹಲ್ಲಿನ ರಕ್ತ ಯಾರದೋ ಲಾಭವಾಗಬಹುದು ಎಂದು ಯಾವ ಪದ್ಯವೂ ನನಗೆ ಹೇಳಿರಲಿಲ್ಲ. "ನೀವು ಯಾವತ್ತಾದರೂ ನಡೆದು ದಾಟಿದ್ದೀರಾ?" ಎಂದು ಕೇಳಿದೆ. ಅವಳು ಕಾರಿನಲ್ಲೇ ಬಂದು ಹೋಗುತ್ತಿದ್ದವಳು. "ಜನ ಸ್ವಲ್ಪ ಜಾಸ್ತಿನೇ ಹೇಳ್ತಾರೆ ಅಂದ್ಕೊಂಡಿದ್ದೆ" ಎಂದಳು.

ಬೋರಲಿಂಗಪ್ಪನವರು ಚತುರರು, ಹೇಡಿಯಲ್ಲ. ಅವರು ಪುರಸಭೆಯ ಬಾಗಿಲಿಗೆ ಬಂದು ಜನರನ್ನು ಕರೆದು, ಕಂಪನಿ ಕಟ್ಟೆಗೆ ಬರುವ ತನಕ ಊರು ಸೇತುವೆಗೆ ಬಿಟ್ಟ ದಾರಿಯಲ್ಲಿ ಎಮ್ಮೆ ಕಟ್ಟಿ ಎಂದುಬಿಟ್ಟರು. ಜನ ಕಟ್ಟಿದರು. ಲಾರಿಗಳು ನಿಂತವು. ಎಮ್ಮೆಗಳು ಮೆಲುಕು ಹಾಕಿದವು. ಎರಡನೇ ದಿನ ಮಧ್ಯಾಹ್ನ ಕಂಪನಿ ಕಟ್ಟೆಗೆ ಬಂತು. ಎಂದರೆ ನಿರಂಜನಿ ಬಂದಳು.

ಆ ದಿನವೇ ಅಣ್ಣನಿಗೆ ತಪ್ಪಿಸಲಾರದ ಸರದಿ. ಗಾಡಿಗಳು ನಿಂತಿದ್ದರಿಂದ ಆಟೋವೂ ಇಲ್ಲ. ಅತ್ತಿಗೆ ಗೋಣಿತಾಟಿನ ಮೇಲೆ ಅವನನ್ನು ಕೂರಿಸಿ, ಅದರ ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, ತಾನು ಮಂಡಿಯೂರಿ ಎಳೆಯುತ್ತ ಹೊರಟಿದ್ದಳು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಅಲೆ ಎದ್ದಾಗ ಇಬ್ಬರೂ ಕಾಣುತ್ತಿದ್ದರು, ಇಳಿದಾಗ ಅತ್ತಿಗೆಯ ತಲೆ ಮಾತ್ರ. ಅವರು ಸೇತುವೆಯ ನಡುವಿಗೆ, ಕೆಳಗೆ ಕಂಬವಿಲ್ಲದ ಜಾಗಕ್ಕೆ ಬಂದಿದ್ದರು. ಇಲ್ಲಿ ಮಾತು ಏರುತ್ತಿತ್ತು.

"ತೆರೆ ತೆಗೀರಿ. ಮೊದಲು ಇದ್ದ ಹಾಗೇ ಇರಲಿ" ಎಂದರು ಅಧ್ಯಕ್ಷರು. "ಮೊದಲು ಇದ್ದ ಹಾಗೆ ಮಾಡೋಕೆ ಮೊದಲಿನ ಕಾಲ ಎಲ್ಲಿದೆ ಸರ್?" ಎಂದಳು ನಿರಂಜನಿ. "ಕಾಲ ನಮಗೂ ಕೆಟ್ಟಿದೆಯಮ್ಮ, ನಿಮಗೊಬ್ಬರಿಗೇ ಅಲ್ಲ." "ಹಾಗಂತ ಎಮ್ಮೆ ಕಟ್ಟಿದ್ರೆ? ಲಾರಿಯವರು ನಿನ್ನೆಯಿಂದ ನನ್ನ ತಲೆ ತಿಂತಿದ್ದಾರೆ!" ಜನರ ನಡುವೆ ಯಾರೋ, "ಅದನ್ನಾದ್ರೂ ತಿನ್ನಲಿ ಬಿಡಿ, ಎಮ್ಮೆಗೆ ಹುಲ್ಲು ಉಳಿಯುತ್ತೆ" ಎಂದರು. ನಗು ಎದ್ದಿತು. ಆ ನಗುವಿಗೆ ಅವಳ ಕಣ್ಣು ತುಂಬಿತು. ಅವಳಿಗೂ ಮೇಲಿನವರಿದ್ದರು, ಎರಡು ದಿನದಿಂದ ಅವಳ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವಳು ಆ ಕಾಗದದ ಕಟ್ಟನ್ನು ಕಟ್ಟೆಯ ಮೇಲೆ ಕುಕ್ಕಿ, ಯಾರಾದರೂ ಸಿಟ್ಟಿನಲ್ಲಿ ಆಡುವ ಮಾತನ್ನೇ ಆಡಿದಳು.

"ಹಾಗಾದ್ರೆ ಕೇಳಿ! ಇವತ್ತಿನಿಂದ ಈ ಸೇತುವೆಯಿಂದ ಕೈ..."

ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. ಕಟ್ಟೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಬಾಯಿ ತೆರೆದವರು ತೆರೆದ ಹಾಗೇ ಇದ್ದರು. ಎತ್ತಿ ಹಿಡಿದ ಕೈ ಅದು. ಅದನ್ನು ತೆಗೆಯುತ್ತೇವೆ ಎನ್ನುವ ಮಾತು ನನ್ನ ಕಿವಿಗೆ ಬಿದ್ದರೆ ಸೇತುವೆಯೂ ಬೀಳುತ್ತದೆ; ಕಂಬವಿಲ್ಲದ ಆ ಹಲಗೆಯ ಮೇಲೆ, ಗೋಣಿತಾಟಿನ ಮೇಲೆ, ನನ್ನ ಅಣ್ಣ ಕೂತಿದ್ದ. ಏನಂದಿರಿ ಎಂದು ಕೇಳಬಾರದು. ಬೇಕಾದುದನ್ನು ಕೇಳಿಸಿಕೊಳ್ಳಬಾರದು. ಕಿವಿ ಮುಚ್ಚಬಾರದು. ನಾನು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡೆ. ಸಾಲದೆಂದು ಬಾಯಲ್ಲಿ ಅಜ್ಜನ ಪದ್ಯ ಕೂಗಿದೆ, ಯಾವ ಪದ್ಯವೋ, ಹಿಂದು ಮುಂದಿಲ್ಲದೆ. ಹುಟ್ಟಿದಂದಿನಿಂದ ಅಷ್ಟು ಗಟ್ಟಿಯಾಗಿ ನಾನು ಕೂಗಿದ್ದೇ ಇಲ್ಲ. ನಿರಂಜನಿಯ ತುಟಿ ಆಡಿ ಮುಗಿದದ್ದು ಕಾಣಿಸಿತು. ಆಮೇಲೆ ಅವಳು ನನ್ನನ್ನು ನೋಡಿದಳು, ಸೇತುವೆಯನ್ನು ನೋಡಿದಳು, ತಾನು ಆಡಿದ್ದು ಏನೆಂದು ಆಗ ಅವಳಿಗೆ ಹೊಳೆಯಿತು.

ಸೇತುವೆ ನಿಂತಿತ್ತು. ಅದರ ಮೇಲಿನಿಂದ ಅಣ್ಣನ ಕೂಗು ಬಂತು. ಅಷ್ಟು ದೂರಕ್ಕೆ ಕೇಳಿಸುವ ಶಕ್ತಿ ಅವನಲ್ಲಿ ಉಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಎಮ್ಮೆಗಳ ನಡುವೆ ನುಗ್ಗಿ ಓಡಿದೆ. ಅಲೆ ನನ್ನನ್ನು ಬೀಳಿಸಿತು, ಎದ್ದೆ, ಮತ್ತೆ ಬೀಳಿಸಿತು. ಬೀಳುವಾಗ ಬದಿಯ ಕಬ್ಬಿಣದ ಕಂಬಿಯನ್ನು ಹಿಡಿದೆ. ಅದು ನನ್ನನ್ನು ಹಿಡಿಯಿತು. ತಣ್ಣಗಿನ ಕಬ್ಬಿಣದೊಳಗಿಂದ ಬೆಚ್ಚಗಿನ, ಸ್ವಲ್ಪ ಒರಟಾದ ಒಂದು ಕೈ ನನ್ನ ಬೆರಳುಗಳ ಸುತ್ತ ಮುಚ್ಚಿಕೊಂಡಿತು. ನಾನು ಕಿರುಚಿದೆ, ಬಿಡಿಸಿಕೊಂಡೆ, ಇನ್ನೊಂದು ಹೆಜ್ಜೆಗೆ ಮತ್ತೆ ಹಿಡಿದೆ. ಅಲ್ಲೂ ಇತ್ತು. ನಡುವಿನಲ್ಲಿ ಅಣ್ಣ ಊದಿದ ಕಾಲುಗಳ ಮೇಲೆ ಎದ್ದು ನಿಂತಿದ್ದ. ಬಲಗೈ ಕಂಬಿಯಲ್ಲಿತ್ತು, ಎಡಗೈ ಎದೆಯ ಮೇಲೆ. ಕಾಲ ಕೆಳಗೆ ಅಲೆ ಬಂತು, ಹೋಯಿತು. ಅವನು ಬೀಳಲಿಲ್ಲ. "ಯಾರೋ ಇದ್ದಾರೆ ಕಣೆ" ಎಂದ. "ಯಾರೋ ಇದ್ದಾರೆ ಒಳಗೆ." ಅತ್ತಿಗೆ ಸೊಂಟದ ಗೋಣಿತಾಟನ್ನು ಬಿಚ್ಚಿ, ತನ್ನ ಸೆರಗಿನಿಂದ ನನ್ನ ಮಂಡಿಯ ರಕ್ತ ಒರೆಸಿದಳು.

ನನಗೆ ಕೇಳಿಸಿದ್ದು ಅಷ್ಟೇ. ಇವತ್ತಿನಿಂದ ಈ ಸೇತುವೆಯಿಂದ ಕೈ. ಕೇಳಿದ್ದು ಕೇಳಿದ ಹಾಗೆ ಆಯಿತು.

ಕಿವಿ ಮುಚ್ಚಿದವಳು ಕಿವಿಯಾಗಿ ಇರುವಂತಿಲ್ಲ. ಅದನ್ನು ಯಾರೂ ನನಗೆ ಹೇಳಬೇಕಾಗಲಿಲ್ಲ. ಎಮ್ಮೆಗಳನ್ನು ಬಿಚ್ಚಿದ ಮರುದಿನ ಬಸದಿಗೆ ಹೋಗಿ ಆ ಕೆಲಸವನ್ನು ನಾನೇ ಬಿಟ್ಟುಕೊಟ್ಟೆ. ಊರು ಇನ್ನೊಬ್ಬರನ್ನು ಹುಡುಕಬೇಕಿತ್ತು. ಅಧ್ಯಕ್ಷರು, "ಹುಡುಕ್ತಾ ಇದ್ದೀವಿ" ಎನ್ನುತ್ತಾರೆ. ಇಷ್ಟು ಕಾಲವಾದರೂ ಹುಡುಕುತ್ತಲೇ ಇದ್ದಾರೆ. ಆಮೇಲೊಮ್ಮೆ ನಿರಂಜನಿ ಹೆಡ್ ಆಫೀಸಿನ ಮಾತು ಹೊತ್ತು ಬಂದಿದ್ದಳು. ಕಂಬಿಯ ಒಳಗಿನ ಕೈ ಕಂಪನಿಯದು, ಹಿಡಿದುಕೊಳ್ಳುವವರು ಅದಕ್ಕೆ ಪ್ರತ್ಯೇಕ ಕೊಡಬೇಕು, ಕರಾರು ತಿದ್ದೋಣ ಎಂದು. "ಆಗಲಿ ತಾಯಿ, ಖಂಡಿತ ತಿದ್ದೋಣ" ಎಂದರಂತೆ ಬೋರಲಿಂಗಪ್ಪನವರು. "ಕೇಳೋಕೆ ಊರಲ್ಲಿ ಕಿವಿ ಒಂದು ಸಿಗಲಿ." ಅವಳು ನಕ್ಕಳಂತೆ. ಕಾರನ್ನು ಈಚೆ ದಡದಲ್ಲೇ ನಿಲ್ಲಿಸಿ ನಮ್ಮ ಮನೆಗೆ ಬಂದು, ನನ್ನ ಕೈಯಿಂದ ನೀರು ಕುಡಿದು, ನಡೆದೇ ದಾಟುತ್ತೇನೆ ಎಂದು ಹೋದಳು.

ಅಣ್ಣನ ಸರದಿ ತಪ್ಪಿಲ್ಲ. ಈಗ ಅತ್ತಿಗೆ ಜೊತೆಗಿರಬೇಕೆಂದೂ ಇಲ್ಲ. ಕಟ್ಟೆಯಲ್ಲಿ ಕೆಲಸವಿಲ್ಲದ ನಾನು ಕೆಲವು ದಿನ ಅವನ ಹಿಂದೆ ಹೋಗುತ್ತೇನೆ. ಆಚೆ ದಡ ಮುಟ್ಟುವಲ್ಲಿ, ಕಂಬಿ ಮುಗಿಯುವ ಜಾಗದಲ್ಲಿ ಅವನು ಯಾವಾಗಲೂ ಒಂದು ಕ್ಷಣ ನಿಲ್ಲುತ್ತಾನೆ. "ಯಾಕೆ ನಿಲ್ತೀಯ ಅಣ್ಣ?" ಎಂದು ಒಮ್ಮೆ ಕೇಳಿದೆ. "ನಾನೆಲ್ಲಿ ನಿಲ್ತೀನಿ" ಎಂದ ಅವನು, ಕಂಬಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ. "ಬಿಡಬೇಕಲ್ಲ ಅದು."